ಅಪ್ಪ ಅಮ್ಮ ಒಂದು ತಿಂಗಳು ತೊರಿನೊಗೆ ಬರ್ತಿದ್ದಾರೆ, ಏನು ತಿನ್ನಿಸಲಿ?

ತಿಪಟೂರು ಟು ತೊರಿನೊ
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ತೊರಿನೊದಲ್ಲಿದ್ದೀನಿ (ಟ್ಯೂರಿನ್ ಅಂತ ಓದಿದ್ದೀವಲ್ಲ, ಅದೇ). ಅಕ್ಟೋಬರ್ ಎರಡನೇ ವಾರ ಅಪ್ಪ ಅಮ್ಮ ಮೊದಲ ಸಲ ಬರ್ತಿದ್ದಾರೆ. ಅಮ್ಮ ಸಸ್ಯಾಹಾರಿ, ಮೊಟ್ಟೆನೂ ಇಲ್ಲ, ಬೆಳ್ಳುಳ್ಳಿ ನಡೆಯುತ್ತೆ. ಅಪ್ಪನೂ ಸಸ್ಯಾಹಾರಿನೇ, ಆದ್ರೆ ಕೇಕ್ ಕೊಟ್ರೆ ಒಳಗೇನಿದೆ ಅಂತ ವಿಚಾರಿಸೋ ಪೈಕಿ ಅಲ್ಲ. ಮೊನ್ನೆ ಫೋನಲ್ಲಿ ಅಮ್ಮ ಆ ಕಡೆ ಹೋದ ಮೇಲೆ ದನಿ ತಗ್ಗಿಸಿ "ಅಲ್ಲಿ ವೈನ್ ಚೆನ್ನಾಗಿರುತ್ತಂತಲ್ಲೋ" ಅಂದ್ರು.

ಮನೇಲಿ ಸಾರು ಅನ್ನ ಇದ್ದೇ ಇದೆ, ಸಾರಿನ ಪುಡಿ ಹೇಗೂ ಐದು ಕೆಜಿ ಬರುತ್ತೆ. ಆದ್ರೆ ಇಲ್ಲಿಯವರು ಅಜ್ಜ ಮುತ್ತಜ್ಜನ ಕಾಲದಿಂದ ತಿನ್ನೋದನ್ನ ಒಂದ್ನಾಲ್ಕಾದ್ರೂ ರುಚಿ ತೋರಿಸ್ಬೇಕು ಅಂತ ಆಸೆ. ನಾನಿರೋ ಪಿಯೆಮೊಂತೆ ಪ್ರಾಂತ್ಯದ ಊಟ ನೋಡಿದ್ರೆ ಹೆಜ್ಜೆಹೆಜ್ಜೆಗೂ ಕೈ ಕೊಡುತ್ತೆ. ಬಾನ್ಯಾ ಕಾವ್ದಾ ಅಂತ ಇದೆ, ಹಸಿ ತರಕಾರಿನ ಬಿಸಿ ಬೆಳ್ಳುಳ್ಳಿ ಎಣ್ಣೇಲಿ ಅದ್ದಿ ತಿನ್ನೋದು. ಕೇಳೋಕೆ ಅಮ್ಮನಿಗೇ ಹೇಳಿ ಮಾಡ್ಸಿದಂಗಿದೆ, ಆದ್ರೆ ಆ ಎಣ್ಣೇಲಿ ಆಂಚೊವಿ ಮೀನು ಕರಗಿರುತ್ತೆ. ತಾಯರಿನ್ ಅಂತ ಶಾವಿಗೆಯಂಥ ಪಾಸ್ತಾ, ಅದಕ್ಕೆ ಕೆಜಿ ಹಿಟ್ಟಿಗೆ ಮೂವತ್ತು ಮೊಟ್ಟೆ ಹಳದಿ. ಆನ್ಯೊಲೊತ್ತಿ ಅಂತ ಕಡುಬಿನಂಥ ಪಾಸ್ತಾ, ಅದರ ಒಳಗೆ ಮಾಂಸ. ಹೋದ ವರ್ಷ ಚಿಕ್ಕಪ್ಪನ ಮಗ ಬಂದಾಗ ಒಂದು ಹೋಟೆಲ್ಲಲ್ಲಿ "ಮಾಂಸ ಬೇಡ" ಅಂತ ಎರಡು ಸಲ ಹೇಳಿ ರಿಸೊತ್ತೊ ತರಿಸ್ದೆ. ತಟ್ಟೆ ಖಾಲಿ ಆದ್ಮೇಲೆ ಗೊತ್ತಾಯ್ತು, ಅಕ್ಕಿ ಬೆಂದಿದ್ದೇ ದನದ ಮಾಂಸದ ಸಾರಲ್ಲಿ. ಅವನೂ ಮನೇಲಿ ಹೇಳಿಲ್ಲ, ನಾನೂ ಹೇಳಿಲ್ಲ.

ಬಲ್ಲವರು ದಾರಿ ತೋರಿಸಿ.

ಹಾದಿಹೋಕ
ಪಿಜ್ಜಾ ಕೊಡ್ಸಿ, ಪೀಸಾ ತೋರ್ಸಿ, ಕಳ್ಸಿ ಗುರು. ಮುಗೀತು.

ಬೊಲೊನ್ಯ ಭಟ್ಟ
ಹಾದಿಹೋಕರೇ, ಪಿಜ್ಜಾ ನಾಪೊಲಿಯದ್ದು. ತೊರಿನೊದವರಿಗೆ ಅದೂ ಹೊರಗಿನ ತಿಂಡಿನೇ.

ನಾನು ಬೊಲೊನ್ಯದಲ್ಲಿ ಹನ್ನೊಂದು ವರ್ಷ. ಇಟಲಿ ಊಟ ಅಂತ ಒಂದು ಇಲ್ಲ, ಊರೂಟ ಇದೆ ಅಷ್ಟೇ. ದೇಶ ಒಂದಾಗಿದ್ದೇ 1861ರಲ್ಲಿ. ಪೆಲ್ಲೆಗ್ರೀನೊ ಆರ್ತೂಸಿ ಅನ್ನೋ ವ್ಯಾಪಾರಿ 1891ರಲ್ಲಿ ಸ್ವಂತ ದುಡ್ಡಲ್ಲಿ ಅಡುಗೆ ಪುಸ್ತಕ ಅಚ್ಚು ಹಾಕಿಸಿ ಹಲವು ಊರಿನ ಅಡುಗೆನ ಒಂದೇ ರಟ್ಟಿನೊಳಗೆ ತಂದ, ಅದ್ರಲ್ಲೂ ದಕ್ಷಿಣದ್ದು ಕಡಿಮೆ.

ನಮ್ಮ ಬೊಲೊನ್ಯದವರ ಹಠ ಕೇಳಿ. ತಾಲ್ಯತೆಲ್ಲೆ ಅಂತ ಚಪ್ಪಟೆ ಪಾಸ್ತಾ, ಬೆಂದ ಮೇಲೆ ಅದರ ಅಗಲ 8 ಮಿಲಿಮೀಟರ್ ಇರ್ಬೇಕು ಅಂತ 1972ರಲ್ಲಿ ಇಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿ, ಚಿನ್ನದಲ್ಲಿ ಒಂದೆಳೆ ಮಾಡಿಸಿ ಇಟ್ಟಿದ್ದಾರೆ. ಊರ ನಡುವಿನ ಅಸಿನೆಲ್ಲಿ ಗೋಪುರದ ಎತ್ತರದಲ್ಲಿ 12,270ನೇ ಒಂದು ಪಾಲಂತೆ. ರಗೂ ಅನ್ನೋ ಮಾಂಸದ ಗೊಜ್ಜು ಕೂಡ 1982ರಲ್ಲಿ ದಾಖಲಾಯ್ತು, 2023ರಲ್ಲಿ ತಿದ್ದುಪಡಿನೂ ಆಯ್ತು, ಸಂವಿಧಾನದ ಥರ.

ಈಗ ನಿಮ್ಮ ವಿಷಯ. "ಸೆನ್ಸಾ ಕಾರ್ನೆ", ಅಂದ್ರೆ ಮಾಂಸ ಬೇಡ, ಅಂತ ಹೇಳಿದ್ರೆ ಸಾಲದು. ಕಾರ್ನೆ ಅಂದ್ರೆ ಅವರ ಲೆಕ್ಕದಲ್ಲಿ ಕಣ್ಣಿಗೆ ಕಾಣೋ ತುಂಡು. ಬ್ರೋದೊ ಯಾವುದರದ್ದು ಅಂತ ಕೇಳಿ, ಅಂದ್ರೆ ಬೇಯಿಸಿದ ಸಾರು. ಸ್ತ್ರುತ್ತೊ ಇದ್ಯಾ ಅಂತ ಕೇಳಿ, ಅದು ಹಂದಿ ಕೊಬ್ಬು. ರೊಮಾನ್ಯದ ಪ್ಯದೀನಾ ನೋಡೋಕೆ ನಮ್ಮ ದಪ್ಪ ಚಪಾತಿ, ಬಂದ ಹೊಸದ್ರಲ್ಲಿ ಆರು ತಿಂಗಳು ಖುಷಿಯಾಗಿ ತಿಂದೆ. ಹಿಟ್ಟು ಕಲಸೋದೇ ಆ ಕೊಬ್ಬಲ್ಲಿ ಅಂತ ಆಮೇಲೆ ತಿಳೀತು. ಆಲಿವ್ ಎಣ್ಣೆದೂ ಸಿಗುತ್ತೆ, ಕೇಳಿ ತಗೋಬೇಕು. ನಿಮ್ಮೂರಿನ ಪಾನ್ನಾ ಕೊತ್ತಾ ಅನ್ನೋ ಕೆನೆಯ ಸಿಹಿಗೆ ಜೆಲಟಿನ್ ಬೀಳುತ್ತೆ, ಅದು ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದದ್ದು. ಪಾರ್ಮಿಜಾನೊ ವಿಷಯ ಅಮ್ಮನಿಗೆ ಹೇಳ್ತೀರೋ ಬಿಡ್ತೀರೋ ನಿಮಗೇ ಬಿಟ್ಟಿದ್ದು.

ಮಲ್ಲೇಶ್ವರಂ ಮಾಲ
ಪಾರ್ಮಿಜಾನೊಗೆ ಏನಾಗಿದೆ? ಚೀಸ್ ತಾನೇ?

ಬೊಲೊನ್ಯ ಭಟ್ಟ
ಹಾಲು ಹೆಪ್ಪುಗಟ್ಟಿಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ. ನಿಯಮದಲ್ಲೇ ಬರ್ದಿದೆ, ಬೇರೇದು ಹಾಕಿದ್ರೆ ಆ ಹೆಸರೇ ಇಡೋ ಹಾಗಿಲ್ಲ. ಗ್ರಾನಾ ಪದಾನೊನೂ ಅಷ್ಟೇ. ಪೆಕೊರೀನೊ ರೊಮಾನೊಗೆ ಕುರಿಮರಿದು.

ಮಲ್ಲೇಶ್ವರಂ ಮಾಲ
ಹದಿನೈದು ವರ್ಷದಿಂದ ಉದುರಿಸ್ಕೊಂಡು ತಿಂತಿದ್ದೀನಿ!! ಶನಿವಾರ ಒಪ್ಪತ್ತು ಮಾಡಿ ರಾತ್ರಿ ಪಾಸ್ತಾ ಮೇಲೆ ಅದನ್ನೇ ತುರಿದಿದ್ದೀನಿ ಸ್ವಾಮಿ.

ಹಾದಿಹೋಕ
ಮಾಲಕ್ಕ, ಗೊತ್ತಿಲ್ಲದೆ ತಿಂದಿದ್ದು ಲೆಕ್ಕಕ್ಕಿಲ್ಲ. ಈಗ ಗೊತ್ತಾಯ್ತಲ್ಲ, ಇವತ್ತಿಂದ ಮೀಟರ್ ಶುರು.

ಪೋ ಬಯಲು
ರೆಜ್ಜೊ ಎಮಿಲಿಯಾ ಕಡೆಯಿಂದ ಒಂದು ಮಾತು. ಆ ಚೀಸಿನ ಒಂದು ಚಕ್ರಕ್ಕೆ ಸುಮಾರು 550 ಲೀಟರ್ ಹಾಲು ಬೇಕು, ನಲವತ್ತು ಕೆಜಿ ತೂಗುತ್ತೆ, ಕಡಿಮೆ ಅಂದ್ರೂ 12 ತಿಂಗಳು ಮಾಗ್ಬೇಕು. ಈ ಬಯಲಿನ ಕೊಟ್ಟಿಗೆಗಳಲ್ಲಿ ಹಸು ನೋಡ್ಕೊಳ್ಳೋರಲ್ಲಿ ಬಹಳ ಜನ ಪಂಜಾಬಿಗಳು. ನೊವೆಲ್ಲಾರದಲ್ಲಿ 2000ದಿಂದ ದೊಡ್ಡ ಗುರುದ್ವಾರ ಇದೆ. ನಮ್ಮ ಪಕ್ಕದ ಹಟ್ಟೀಲಿ ಒಬ್ರು ಸರ್ದಾರ್ಜಿ ಇದ್ದಾರೆ, ಇಪ್ಪತ್ತು ವರ್ಷದಿಂದ ಇದೇ ಕೆಲಸ, ಅಪ್ಪಟ ಸಸ್ಯಾಹಾರಿ. ಆ ಚೀಸ್ ಒಂದು ಚೂರೂ ಬಾಯಿಗಿಟ್ಟಿಲ್ಲ. "ನನ್ನದು ಹಾಲಿನವರೆಗೆ" ಅಂತಾರೆ.

ಅಂಗಡೀಲಿ ತಗೊಳ್ಳುವಾಗ ಪೊಟ್ಟಣದ ಮೇಲೆ "ಕಾಲ್ಯೊ ವೆಜೆತಾಲೆ" ಅಂತ ಇದ್ರೆ ಅದು ಗಿಡಮೂಲದ್ದು. ಮಸ್ಕರ್ಪೋನೆಗೆ ರೆನೆಟ್ ಬೇಡ, ಹುಳಿ ಸಾಕು, ಪನೀರ್ ಒಡೆಸಿದ ಹಾಗೆ.

ಮದ್ದೂರ್ ಮುದ್ದೆ
ಇಷ್ಟೆಲ್ಲ ರಗಳೆ ಯಾಕಣ್ಣ. ಪೊಲೆಂತಾ ಮಾಡಾಕು. ಮೆಕ್ಕೆಜೋಳದ ಮುದ್ದೆ ಅದು. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಅನ್ನೋದು ಇಟಲಿಯೋರ್ಗೂ ಗೊತ್ತಿತ್ತು.

ಜವಾರಿ ಜ್ವಾಳ
ಮುದ್ದಿ ಅಲ್ರೀ ಅದು. ನಾ ಎರಡು ವರ್ಷ ಬೆರ್ಗಾಮೊದಾಗ ಇದ್ದೆ. ತಾಮ್ರದ ಕೊಪ್ಪರಿಗ್ಯಾಗ ನೀರು ಕುದಿಸಿ, ಹಿಟ್ಟು ಉದುರಿಸಿಕೋತ ಮುಕ್ಕಾಲು ತಾಸು ಕೋಲು ಹಿಡಿದು ತಿರುವತಾರ. ಇದು ನಮ್ಮ ಜ್ವಾಳದ ನುಚ್ಚಿಗೆ ಹತ್ತಿರ. ಹಲಗಿ ಮ್ಯಾಲ ಸುರುವಿ ದಾರ ಹಿಡಿದು ಕೊಯ್ಯತಾರ, ಚಾಕು ಹಚ್ಚಂಗಿಲ್ಲ. ಉಳದದ್ದನ್ನ ಮರುದಿನ ಹಂಚಿನ ಮ್ಯಾಲ ಸುಟ್ಟು ತಿಂತಾರಲ್ಲ, ಖರೇ ರುಚಿ ಅದರಾಗ ಐತಿ. ದಕ್ಷಿಣದ ಮಂದಿ ಉತ್ತರದವ್ರಿಗೆ "ಪೊಲೆಂತೋನಿ" ಅಂತ ಹಂಗಿಸ್ತಾರ. ಉತ್ತರದವ್ರು ಸುಮ್ಮ ಕೂಡತಾರೇನು, ಅವ್ರಿಗೆ "ತೆರ್ರೋನಿ" ಅಂತಾರ, ಮಣ್ಣಾಗಿನ ಮಂದಿ ಅಂಧಂಗ.

ವಾಲ್ತೆಲ್ಲೀನಾ ಕಣಿವ್ಯಾಗ ಪಿತ್ಸೊಕ್ಕೆರಿ ಅಂತ ಮತ್ತೊಂದು ಮಾಡ್ತಾರ. ಉತ್ತರ ಹಿಂದೂಸ್ತಾನದಾಗ ಕುಟ್ಟು ಹಿಟ್ಟು ಅಂತಾರಲ್ಲ, ಅದರ ಪಾಸ್ತಾ, ಜೋಡಿ ಬಟಾಟಿ, ಕೋಬಿ, ಬೆಣ್ಣಿ, ಚೀಸ್. ಥಂಡ್ಯಾಗ ತಿಂದ್ರ ಸೀದಾ ಮಲಗೋದ.

ಮದ್ದೂರ್ ಮುದ್ದೆ
ಉಂಡೆ ಕಟ್ಟಕ್ಕಾಯ್ತದಾ ಇಲ್ವಾ ಅಷ್ಟು ಹೇಳಿ.

ಜವಾರಿ ಜ್ವಾಳ
ಕಟ್ಟಾಕ ಬರತೈತಿ. ಆದ್ರ ಯಾರೂ ಕಟ್ಟಂಗಿಲ್ಲ.

ಮದ್ದೂರ್ ಮುದ್ದೆ
ಹಂಗಾದ್ರೆ ಮುದ್ದೆ.

ಡಾಕ್ಟ್ರಮ್ಮ
ಪೊಲೆಂತಾ ಬಗ್ಗೆ ಇಷ್ಟು ಪ್ರೀತಿ ನೋಡಿ ಒಂದು ಮಾತು ಹೇಳ್ಲೇಬೇಕು. ಉತ್ತರ ಇಟಲಿಯ ಕೂಲಿಗಳು ಹದಿನೆಂಟು ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನೇ ಮೂರು ಹೊತ್ತೂ ತಿಂದು ಪೆಲಾಗ್ರಾ ಬಂದು ನರಳಿದ್ರು. ಚರ್ಮ ಸುಲಿಯುತ್ತೆ, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಆ ಹೆಸರನ್ನ 1771ರಲ್ಲಿ ಕೊಟ್ಟೋನು ಫ್ರಾಪೊಲ್ಲಿ ಅನ್ನೋ ಇಟಲಿಯ ವೈದ್ಯ, ಒರಟು ಚರ್ಮ ಅಂತ ಅರ್ಥ. ನಿಯಾಸಿನ್ ಅನ್ನೋ ಜೀವಸತ್ವ ಸಾಲದೆ ಬರೋ ಕಾಯಿಲೆ ಇದು, ಮೆಕ್ಕೆಜೋಳದಲ್ಲಿ ಅದು ಇದ್ರೂ ಮೈಗೆ ಹತ್ತಲ್ಲ. ಮೆಕ್ಸಿಕೊದವರು ಸುಣ್ಣದ ನೀರಲ್ಲಿ ಬೇಯಿಸಿ ಅದನ್ನ ಬಿಡಿಸ್ಕೊಳ್ತಿದ್ರು. ಯುರೋಪಿನವರು ಮೆಕ್ಕೆಜೋಳ ತಂದ್ರು, ಸುಣ್ಣ ಅಲ್ಲೇ ಬಿಟ್ರು.

ನಮ್ಮ ದಖ್ಖನಿನಲ್ಲೂ ಬರೀ ಜೋಳ ತಿನ್ನೋ ಬಡವರಲ್ಲಿ ಈ ಕಾಯಿಲೆ ಇತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಅವರ ತಂಡ ಜೋಳದಲ್ಲಿ ಹೆಚ್ಚಿರೋ ಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಇದಕ್ಕೆ ಕಾರಣ ಇರಬಹುದು ಅಂತ 1960ರ ಹೊತ್ತಿಗೆ ಬರೀತು. ಒಪ್ಪದವರೂ ಇದ್ದಾರೆ.

ಜವಾರಿ ಜ್ವಾಳ
ಜ್ವಾಳದ ಸುದ್ದಿಗೆ ಬರಬ್ಯಾಡ್ರಿ ಡಾಕ್ಟ್ರ. ನಮ್ಮಜ್ಜ ರೊಟ್ಟಿ ತಿಂದ ತೊಂಬತ್ತೆರಡು ವರ್ಷ ಬಾಳ್ಯಾನ.

ಡಾಕ್ಟ್ರಮ್ಮ
ನಿಮ್ಮಜ್ಜ ರೊಟ್ಟಿ ಜೊತೆ ಬೇಳೆ, ಪುಂಡಿಪಲ್ಯ, ಮಜ್ಜಿಗೆ, ಶೇಂಗಾ ಹಿಂಡಿ ತಿಂದಿದ್ದಾರೆ. ಶೇಂಗಾದಲ್ಲಿ ನಿಯಾಸಿನ್ ಧಾರಾಳ. ವೆನೆತೊದ ಕೂಲಿಯವನಿಗೆ ಹಿಂಡಿ ಯಾರು ಕೊಡ್ತಿದ್ರು?

ಜವಾರಿ ಜ್ವಾಳ
ಇದು ಬರೋಬ್ಬರಿ ಮಾತು.

ತಿಪಟೂರು ಟು ತೊರಿನೊ
ನಾನು ಊಟ ಕೇಳಿದ್ದು, ನೀವು ಆಸ್ಪತ್ರೆವರೆಗೂ ಕರ್ಕೊಂಡು ಹೋದ್ರಿ.

ಕಾಪು ಕಡಲು
ಅಲ್ಲ ಮಾರಾಯ್ರೆ, ನಾಲ್ಕು ವರ್ಷ ತೊರಿನೊದಲ್ಲಿದ್ದು ಫರಿನಾತಾ ನೆನಪಾಗ್ಲಿಲ್ವಾ? ನಾನು ಹಡಗಿನವ, ಜೆನೊವಾ ಬಂದರಿಗೆ ಎಷ್ಟು ಸಲ ಬಂದಿದ್ದೇನೆ ಲೆಕ್ಕ ಇಲ್ಲ. ಇಳಿದ ಕೂಡ್ಲೇ ಮೊದಲು ಅದೇ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ಇಷ್ಟೇ, ಮತ್ತೆಂಥದ್ದೂ ಇಲ್ಲ. ಕಲಸಿ ಕೆಲವು ಗಂಟೆ ಇಟ್ಟು, ಮೇಲಿನ ನೊರೆ ತೆಗೆದು, ಕಲಾಯಿ ಹಾಕಿದ ಅಗಲದ ತಾಮ್ರದ ತಟ್ಟೆಗೆ ತೆಳ್ಳಗೆ ಹೊಯ್ದು ಸೌದೆ ಒಲೆಗೆ ನೂಕುತ್ತಾರೆ. ಮೇಲೆ ಕಂದು ಹೊಪ್ಪಳೆ, ಒಳಗೆ ಮೆತ್ತಗೆ. ಕಾಳುಮೆಣಸು ಉದುರಿಸಿ ಬಿಸಿಬಿಸಿ ತಿನ್ನುವುದು. ಆರಿದರೆ ಚಪ್ಪಲಿ.

ಹೆಸರು ಮಾತ್ರ ಊರಿಗೊಂದು. ತೊಸ್ಕಾನಾ ಕರಾವಳಿಯಲ್ಲಿ ಚೆಚೀನಾ. ಲಿವೊರ್ನೊದವರು ಬ್ರೆಡ್ಡಿನ ಒಳಗಿಟ್ಟು "ಐದು ಮತ್ತು ಐದು" ಅಂತಾರೆ, ಐದು ಕಾಸಿನ ಬ್ರೆಡ್ಡಿಗೆ ಐದು ಕಾಸಿನ ಇದು. ಪಲೆರ್ಮೊದಲ್ಲಿ ಅದೇ ಹಿಟ್ಟನ್ನು ಬೇಯಿಸಿ, ಆರಿಸಿ, ಕೊಯ್ದು, ಕರಿದು ಪನೆಲ್ಲೆ ಮಾಡುತ್ತಾರೆ. ನಿಮ್ಮ ತೊರಿನೊದಲ್ಲಿ ಸಣ್ಣ ಬಾಣಲೆಯ ದಪ್ಪ ಪಿಜ್ಜಾ ಕೊಡುವ ಹಳೇ ಅಂಗಡಿಗಳಿವೆಯಲ್ಲ, ಅಲ್ಲೇ ಕೇಳಿ.

ಮಲ್ಲೇಶ್ವರಂ ಮಾಲ
ಇದಕ್ಕೆ ಚೀಸ್ ಇಲ್ಲ ತಾನೇ? ಇನ್ನೊಂದು ಆಘಾತ ತಡ್ಕೊಳ್ಳಲ್ಲ ನಾನು.

ಕಾಪು ಕಡಲು
ಇಲ್ಲಕ್ಕ. ಆದ್ರೆ ಅದೇ ಜೆನೊವಾದ ಪೆಸ್ತೊ ಚಟ್ನಿಯಲ್ಲಿ ಇದೆ, ಎರಡೆರಡು ಬಗೆ.

ಬಾರಿಯ ಸೊಸೆ
ಎಲ್ಲರೂ ಉತ್ತರದಲ್ಲೇ ಸುತ್ತುತ್ತಿದ್ದೀರಿ. ನಾನು ಶಿವಮೊಗ್ಗದವಳು, ಮದುವೆಯಾಗಿ ಪೂಲ್ಯಾ ಪ್ರಾಂತ್ಯದ ಬಾರಿಗೆ ಬಂದು ಒಂಬತ್ತು ವರ್ಷ. ನಾಲ್ಕು ದಿನ ಬಿಡುವಿದ್ರೆ ಅಪ್ಪ ಅಮ್ಮನ್ನ ಈ ಕಡೆ ಕರ್ಕೊಂಡು ಬನ್ನಿ.

ಉತ್ತರದಲ್ಲಿ ಬೆಣ್ಣೆ, ಮೊಟ್ಟೆ, ಹಸು. ಇಲ್ಲಿ ಎಣ್ಣೆ, ಸೊಪ್ಪು, ಕಾಳು. ನಮ್ಮ ಒರೆಕ್ಯೆತ್ತೆಗೆ ಗಟ್ಟಿ ಗೋಧಿ ರವೆ ಮತ್ತು ನೀರು ಬಿಟ್ಟು ಬೇರೇನೂ ಬೀಳಲ್ಲ. ಪುಟ್ಟ ಕಿವಿ ಅಂತ ಹೆಸರಿನ ಅರ್ಥ. ಹಳೇ ಬಾರಿಯ ಆರ್ಕೊ ಬಾಸ್ಸೊ ಅನ್ನೋ ಓಣೀಲಿ ಹೆಂಗಸರು ಬಾಗಿಲಲ್ಲಿ ಮಣೆ ಹಾಕ್ಕೊಂಡು ಕೂತು, ಚಾಕು ಎಳೆದು ಹೆಬ್ಬೆರಳಿಂದ ತಿರುವಿ ಹಾಕ್ತಾ ಇರ್ತಾರೆ. ಕೈ ನೋಡ್ತಾ ನಿಂತ್ರೆ ಗೌರಿ ಹಬ್ಬಕ್ಕೆ ನಮ್ಮಜ್ಜಿ ಗೆಜ್ಜೆವಸ್ತ್ರ ಹೊಸೆಯೋದು ನೆನಪಾಗುತ್ತೆ. ಅದಕ್ಕೆ ಚೀಮೆ ದಿ ರಾಪಾ ಅನ್ನೋ ಕಹಿಸೊಪ್ಪು ಹಾಕ್ತಾರೆ. ಆಂಚೊವಿ ಬೇಡ ಅಂತ ಮೊದಲೇ ಹೇಳಿ. ನಮ್ಮತ್ತೆ ಮೇಲೆ ಚೀಸ್ ಹಾಕೋದೇ ಇಲ್ಲ, ಒಣಗಿದ ಬ್ರೆಡ್ಡಿನ ಪುಡಿ ಎಣ್ಣೇಲಿ ಹುರಿದು ಉದುರಿಸ್ತಾರೆ. ಚೀಸ್ ಕೊಳ್ಳೋಕ್ಕಾಗದ ಕಾಲದ ಚೀಸ್ ಅದು.

ಇನ್ನೊಂದು ಫಾವೆ ಎ ಚಿಕೋರ್ಯೆ. ಸಿಪ್ಪೆ ತೆಗೆದ ಒಣ ಫಾವಾ ಕಾಳನ್ನ ಕರಗೋವರೆಗೆ ಬೇಯಿಸಿ, ಎಣ್ಣೆ ಸುರಿದು ಕಡೆದ್ರೆ ಗಟ್ಟಿ ತೊವ್ವೆ ಹದ. ಪಕ್ಕದಲ್ಲಿ ಬೇಯಿಸಿದ ಕಹಿ ಸೊಪ್ಪು, ಜೊತೆಗೆ ಅಲ್ತಮೂರಾದ ಹಳದಿ ಬ್ರೆಡ್. ಹಾಗಲಕಾಯಿ ತಿನ್ನೋ ಜನಕ್ಕೆ ಆ ಕಹಿ ಏನೂ ಅಲ್ಲ. ನಮ್ಮಮ್ಮ ಬಂದಾಗ ಮೂರು ದಿನ ಅದನ್ನೇ ತಿಂದು, ನಾಲ್ಕನೇ ದಿನ ಒಗ್ಗರಣೆ ಹಾಕಿದ್ರು. ನಮ್ಮತ್ತೆ ಸಾಸಿವೆ ಸಿಡಿಯೋ ಸದ್ದಿಗೆ ಅಡುಗೆಮನೆ ಬಿಟ್ಟು ಓಡಿದ್ರು.

ಡಾಕ್ಟ್ರಮ್ಮ
ಫಾವಾ ಕಾಳಿನ ವಿಷಯದಲ್ಲಿ ಒಂದು ಎಚ್ಚರ. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋರು ತಿಂದ್ರೆ ರಕ್ತಕಣ ಒಡೆದು ಕಾಮಾಲೆ ಬರಬಹುದು. ದಕ್ಷಿಣ ಇಟಲಿ, ಸಾರ್ದೀನ್ಯಾದಲ್ಲಿ ಹಳೇ ಸಮಸ್ಯೆ ಇದು, ಭಾರತದಲ್ಲೂ ಈ ಕೊರತೆ ಇರೋರು ಇದ್ದಾರೆ. ಮನೇಲಿ ಯಾರಿಗಾದ್ರೂ ಇದೆ ಅಂತ ಗೊತ್ತಿದ್ರೆ ತಿನ್ನಿಸ್ಬೇಡಿ.

ಹಾದಿಹೋಕ
ಡಾಕ್ಟ್ರಮ್ಮ ಇರೋ ಕಡೆ ಊಟಕ್ಕೆ ಕೂರಬಾರ್ದು 😄

ದ್ರಾಕ್ಷಿ ದೇವಯ್ಯ
ಅಪ್ಪನ ವಿಷಯ ಎಲ್ಲರೂ ಮರೆತ್ರಲ್ಲ. ತೊರಿನೊದಲ್ಲಿದ್ದೀನಿ ಅಂತ ಸೀದಾ ಬರೋಲೊ ಕೊಡಿಸಿ ದುಡ್ಡು ಹಾಳು ಮಾಡ್ಬೇಡಿ. ನೆಬ್ಯೊಲೊ ದ್ರಾಕ್ಷಿದು ಅದು, ಮಾರಾಟಕ್ಕೆ ಬರೋ ಮೊದಲು 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯೀಲಿ. ಅಷ್ಟಾದ್ರೂ ಎಳೇದು ಕುಡಿದ್ರೆ ಒಗರು. ತಿಪಟೂರು ಕಡೆಯವರಿಗೆ ಹೇಳ್ಬೇಕಾ, ಹಸಿ ಅಡಿಕೆ ಜಗಿದ ಹಾಗೆ ನಾಲಿಗೆ ಎಳೆಯುತ್ತೆ. ಮಾಂಸದ ಕೊಬ್ಬಿನ ಜೊತೆ ಆ ಒಗರು ಕರಗುತ್ತೆ, ಸೊಪ್ಪಿನ ಪಲ್ಯದ ಜೊತೆ ಕರಗಲ್ಲ.

ಬಾರ್ಬೆರಾ ಕೊಡಿಸಿ. ಹುಳಿ ಜಾಸ್ತಿ, ಒಗರು ಕಡಿಮೆ, ಟೊಮೆಟೊ ಬಿದ್ದ ಯಾವ ಅಡುಗೆಗೂ ಸರಿ. ದೊಲ್ಚೆತ್ತೊ ಅಂತ ಇದೆ, ಹೆಸರಲ್ಲಿ ಸಿಹಿ, ಕುಡಿದ್ರೆ ಸಿಹಿ ಇಲ್ಲ, ಮೋಸ ಹೋಗ್ಬೇಡಿ. ಊರಲ್ಲಿ ಪೋರ್ಟ್ ಅಂತ ಕೊಡೋ ಸಿಹಿ ವೈನ್ ಮಾತ್ರ ಕುಡಿದು ಗೊತ್ತಿದ್ರೆ ಮೊಸ್ಕಾತೊ ದಾಸ್ತಿಯಿಂದ ಶುರು ಮಾಡಿ. ಆಲ್ಕೋಹಾಲ್ ಶೇ 5ರ ಆಸುಪಾಸು, ಸಣ್ಣಗೆ ಗುಳ್ಳೆ, ಹೂವಿನ ಘಮ.

ಹಾದಿಹೋಕ
ಅದನ್ನೇ ಅಮ್ಮನಿಗೂ ದ್ರಾಕ್ಷಿ ಜ್ಯೂಸ್ ಅಂತ ಕೊಟ್ಬಿಡಿ.

ಬಾರಿಯ ಸೊಸೆ
ಹಾಗೆಲ್ಲ ಮಾಡ್ಬೇಡಿ. ರಿಸೊತ್ತೊ ಕಥೆ ಮೇಲೇ ಓದಿದ್ರಲ್ಲ, ತಿನ್ನಿಸಿದವನ ನೆಮ್ಮದಿನೂ ಹೋಗುತ್ತೆ.

ಪೋ ಬಯಲು
ವೈನ್ ಪೂರ್ತಿ ಸಸ್ಯಾಹಾರ ಅಂತ ಯಾರು ಹೇಳಿದ್ದು? ತಿಳಿ ಮಾಡೋಕೆ ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಮೀನಿನ ಅಂಟು ಬಳಸೋರಿದ್ದಾರೆ. ಕೆಲವರು ಬರೀ ಜೇಡಿಮಣ್ಣು. ಬೇಕಿದ್ರೆ "ವೆಗಾನೊ" ಅಂತ ಇರೋ ಬಾಟಲಿ ಹುಡುಕಿ.

ತಿಪಟೂರು ಟು ತೊರಿನೊ
ಅಪ್ಪನ ಕನಸಿಗೆ ಮಣ್ಣು ಹಾಕಿದ್ರಿ. ಇರ್ಲಿ, ನಮ್ಮ ಬೀದೀಲಿ ಕ್ಯಾನಿಗೆ ಅಳೆದು ಕೊಡೋ ಬಿಡಿ ವೈನ್ ಅಂಗಡಿ ಇದೆ, ಅದು ಪರವಾಗಿಲ್ವಾ?

ದ್ರಾಕ್ಷಿ ದೇವಯ್ಯ
ಪರವಾಗಿಲ್ಲ, ಇಲ್ಲಿಯವರು ದಿನಾ ಕುಡಿಯೋದು ಅದನ್ನೇ. ಆದ್ರೆ ಹಳಬರಿಗೆ 1986 ಮರೆತಿಲ್ಲ. ನಿಮ್ಮ ಪಿಯೆಮೊಂತೆಯಲ್ಲೇ ಅಗ್ಗದ ವೈನಿಗೆ ಮೆಥನಾಲ್ ಬೆರೆಸಿ ಸುಮಾರು ಇಪ್ಪತ್ತು ಜನ ಸತ್ರು, ಕೆಲವರ ಕಣ್ಣು ಹೋಯ್ತು. ಆಮೇಲೆ ತಪಾಸಣೆ ಬಿಗಿಯಾಯ್ತು, ಬೆಳೆಗಾರರೂ ರಾಶಿಗಿಂತ ರುಚಿ ಅನ್ನೋ ದಾರಿಗೆ ಬಂದ್ರು.

ಇತಿಹಾಸದ ಮೇಷ್ಟ್ರು
ಬೊಲೊನ್ಯ ಭಟ್ಟರು ಇಟಲಿ ಊಟನೇ ಇಲ್ಲ ಅಂತಾರೆ. 2025ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಇಟಲಿಯ ಅಡುಗೆಯನ್ನ ಇಡಿಯಾಗಿ ತನ್ನ ಪರಂಪರೆ ಪಟ್ಟಿಗೆ ಸೇರಿಸಿದ್ದು ನೋಡಿಲ್ವೇ? ನಮ್ಮ ದೀಪಾವಳಿ ಸೇರಿದ ಅದೇ ದೆಹಲಿ ಸಭೆಯಲ್ಲಿ.

ಬೊಲೊನ್ಯ ಭಟ್ಟ
ಮೇಷ್ಟ್ರೇ, ದೀಪಾವಳಿನಾದ್ರೂ ಎಲ್ಲ ಕಡೆ ಒಂದೇ ಥರ ಮಾಡ್ತೀವಾ? ಪಟ್ಟೀಲಿ ಒಂದು ಸಾಲು ಬರೆಯೋಕೆ ಒಂದು ಹೆಸರು ಬೇಕು, ಬರ್ಕೊಂಡ್ರು.

ಇತಿಹಾಸದ ಮೇಷ್ಟ್ರು
ಅದೂ ಸರಿ. ಆದ್ರೆ ನಿಮ್ಮ "ಅಜ್ಜ ಮುತ್ತಜ್ಜನ ಕಾಲದ್ದು" ಕೂಡ ಅರ್ಧ ಹೊಸದೇ. ಪಾರ್ಮಾ ವಿಶ್ವವಿದ್ಯಾಲಯದ ಆಲ್ಬೆರ್ತೊ ಗ್ರಾಂಡಿ ಕಾರ್ಬೊನಾರಾ ಪಾಸ್ತಾ ಮೂಲದಲ್ಲಿ ಅಮೆರಿಕದ್ದು ಅಂತ 2023ರಲ್ಲಿ ಹೇಳಿ ದೇಶದ ತುಂಬ ಬೈಸ್ಕೊಂಡ್ರು. ತಿರಮಿಸು ಅನ್ನೋ ಸಿಹಿಗೂ ನೂರು ವರ್ಷ ಆಗಿಲ್ಲ.

ಬೊಲೊನ್ಯ ಭಟ್ಟ
ಅವರು ಅತಿ ಮಾಡ್ತಾರೆ. ಅಮೆರಿಕದ ವಿಸ್ಕಾನ್ಸಿನ್‌ನ ಚೀಸೇ ಹಳೇ ಪಾರ್ಮಿಜಾನೊಗೆ ಹತ್ತಿರ ಅಂತ ಪಾರ್ಮಾದಲ್ಲಿ ಕೂತು ಹೇಳೋಕೆ ಗುಂಡಿಗೆ ಬೇಕು ಬಿಡಿ.

ತಿಪಟೂರು ಟು ತೊರಿನೊ
ಎಲ್ಲರಿಗೂ ನಮಸ್ಕಾರ, ವರದಿ ಒಪ್ಪಿಸ್ತಿದ್ದೀನಿ. ಮೊನ್ನೆ ವಿಮಾನ ಹತ್ತಿಸಿ ಬಂದೆ. ಬಾರಿಗೆ ಹೋಗೋಕ್ಕಾಗ್ಲಿಲ್ಲ, ಅಮ್ಮನಿಗೆ ಮಂಡಿನೋವು. ಒರೆಕ್ಯೆತ್ತೆ ಮನೇಲೇ ಮಾಡಿದ್ವಿ, ಬ್ರೆಡ್ ಪುಡಿ ಉಪಾಯ ಗೆದ್ತು.

ಫರಿನಾತಾ ನಾಲ್ಕು ಸಲ. ಅಮ್ಮ ಮೊದಲ ತುತ್ತಿಗೇ "ಓಂಕಾಳು ಹಾಕ್ಬೇಕಿತ್ತು" ಅಂದ್ರು. ಆಲ್ಬಾದಲ್ಲಿ ಬಿಳಿ ತಾರ್ತೂಫೊ ಜಾತ್ರೆಗೆ ಕರ್ಕೊಂಡು ಹೋದೆ, ಆ ಅಣಬೆನ ಗ್ರಾಂ ಲೆಕ್ಕದಲ್ಲಿ ಮಾರ್ತಾರೆ. ಅಪ್ಪ ಮೂಸಿ ನೋಡಿ "ಎಲ್ಲೋ ಸಿಲಿಂಡರ್ ಲೀಕ್ ಆಗ್ತಿದೆ" ಅಂತ ಸುತ್ತ ನೋಡಿದ್ರು. ಬರೋಲೊ ಅಲ್ಲೇ ಒಂದು ಲೋಟ ರುಚಿ ನೋಡಿದ್ರು, ದೇವಯ್ಯನವರು ಹೇಳಿದ ಹಾಗೆ ಮುಖ ಕಿವುಚಿ, "ಅಡಿಕೆ" ಅಂತ ಒಂದೇ ಪದ. ಬಾರ್ಬೆರಾ ಮಾತ್ರ ದಿನಾ ರಾತ್ರಿ ಅರ್ಧ ಲೋಟ. ಅಮ್ಮ ನೋಡಿಯೂ ನೋಡದ ಹಾಗಿದ್ರು.

ದೊಡ್ಡ ಸುದ್ದಿ ಬಾನ್ಯಾ ಕಾವ್ದಾದ್ದು. ಪೋರ್ತಾ ಪಲಾತ್ಸೊ ಸಂತೇಲಿ ಕಾರ್ದೊ ಗೊಬ್ಬೊ ಸಿಕ್ತು, ಮಣ್ಣಲ್ಲಿ ಹೂತು ಬೆಳೆಸಿ ಗೂನು ಬೆನ್ನಾದ ಬಿಳಿ ದಂಟು. ಅಮ್ಮ ಬಾಳೆದಿಂಡು ಅಂತಲೇ ತಗೊಂಡ್ರು. ಬೆಳ್ಳುಳ್ಳಿನ ಹಾಲಲ್ಲಿ ಬೇಯಿಸಿ, ಅರೆದು, ಎಣ್ಣೇಲಿ ಸಣ್ಣ ಉರೀಲಿಟ್ಟು, ಮೀನಿನ ಬದಲು ಮಾವಿನಮಿಡಿ ಉಪ್ಪಿನಕಾಯಿ ರಸ ಎರಡು ಚಮಚ ಬಿಟ್ರು. ಮೇಲಿನ ಮನೆ ಅಜ್ಜಿ ಆಸ್ತಿ ಅನ್ನೋ ಊರಿನ ಕಡೆಯವರು, ಅವರಿಗೂ ಒಂದು ಬಟ್ಟಲು ಕೊಟ್ವಿ. ಸುಮ್ನೆ ಕೂತು ಪೂರ್ತಿ ತಿಂದ್ರು. ಆಮೇಲೆ ನನ್ನ ಹತ್ರ ಹೇಳಿದ್ದು: "ತುಂಬ ಚೆನ್ನಾಗಿದೆ ಅಂತ ನಿಮ್ಮಮ್ಮನಿಗೆ ಹೇಳು. ಆದ್ರೆ ಹೆಸರು ಬೇರೆ ಇಡೋಕೆ ಹೇಳು."

ಚೀಸ್ ವಿಷಯ ಹೇಳಿಬಿಟ್ಟೆ. ಅಮ್ಮ ತಲೆ ಆಡಿಸಿ, "ಆ ರಿಸೊತ್ತೊ ಕಥೆ ಯಾವಾಗ ಹೇಳ್ತೀಯ?" ಅಂದ್ರು. ಆ ಕಳ್ಳ ಯುಗಾದಿಗೇ ಬಾಯಿ ಬಿಟ್ಟಿದ್ದಾನೆ.

ಮಲ್ಲೇಶ್ವರಂ ಮಾಲ
ಆ ಮಿಡಿ ಉಪ್ಪಿನಕಾಯಿ ಬಾನ್ಯಾ ಅಳತೆ ಹಾಕಿ. ಎಣ್ಣೆ ಎಷ್ಟು?

ಮದ್ದೂರ್ ಮುದ್ದೆ
ಪೊಲೆಂತಾ ಮಾಡಿದ್ರಾ? ಉಂಡೆ ಕಟ್ಟಕ್ಕಾಯ್ತಾ?

ತಿಪಟೂರು ಟು ತೊರಿನೊ
ಮಾಲಕ್ಕ, ಅಮ್ಮನ್ನ ಕೇಳಿ ಹಾಕ್ತೀನಿ, ಅವರದ್ದು ಕಣ್ಣಳತೆ. ಪೊಲೆಂತಾ ಮಾಡಿದ್ವಿ, ಅಪ್ಪ ಉಂಡೆನೂ ಕಟ್ಟಿದ್ರು. ನುಂಗೋಕ್ಕಾಗ್ಲಿಲ್ಲ, ಅಗಿದು ತಿಂದ್ರು.

ಜವಾರಿ ಜ್ವಾಳ
ನೋಡ್ರಿ ಮತ್ತ. ನುಚ್ಚು.